ಊರೂರು ಕೂಡಿಸುವ ಸೈಕಲ್ ದಾರಿ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಒಂದು ಹಾಲಿನ ಸಂಘ ಇಪ್ಪತ್ತೈದು ವರ್ಷ ನಡೆದು ಬರೋದು ಸಣ್ಣ ಮಾತಲ್ಲ. ಶುರುವಿನಲ್ಲಿ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹಾಲು ತಂದವರು ಇಲ್ಲೇ ಕೂತಿದ್ದೀರಿ. ಅದಕ್ಕೇ ಸೈಕಲ್ ದಾರಿಯ ವಿಚಾರವಾಗಿ ನಾಲ್ಕು ಮಾತು ಹೇಳುತ್ತೇನೆ.

ಹೈನುಗಾರಿಕೆಗೆ ಹೆಸರಾದ ನ್ಯೂಜಿಲೆಂಡ್ ದೇಶ ನಿಮಗೆ ಗೊತ್ತು. ಅದರ ದಕ್ಷಿಣ ದ್ವೀಪದಲ್ಲಿ ಸೆಂಟ್ರಲ್ ಒಟಾಗೊ ಎಂಬ ಸೀಮೆಯಿದೆ. ಮಳೆ ಕಡಿಮೆ, ಕುರಿ ಜಾಸ್ತಿ. ಅಲ್ಲಿಗೆ ರೈಲು ಹಾಕುವ ಕೆಲಸ 1879ರಲ್ಲಿ ಆರಂಭವಾಗಿ, 1907ರಲ್ಲಿ ಕ್ಲೈಡ್ ಎಂಬ ಊರು ಮುಟ್ಟಿತು. ಕಾಲ ಕಳೆದಂತೆ ಸರಕೆಲ್ಲ ಲಾರಿಗೆ ಹೋಯಿತು. ಮಿಡ್ಲ್‌ಮಾರ್ಚ್‌ನಿಂದ ಆಚೆಯ ರೈಲನ್ನು 1990ರಲ್ಲಿ ನಿಲ್ಲಿಸಿದರು. ಕಂಬಿ ಕಿತ್ತ ಮೇಲೆ ಉಳಿದದ್ದು ಉದ್ದಕ್ಕೂ ಒಂದು ಪಟ್ಟಿ ನೆಲ.

ಆ ನೆಲವನ್ನು ತುಂಡು ತುಂಡು ಮಾಡಿ ಹಂಚಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು. ಹಾಗಾಗಲಿಲ್ಲ. 1993ರಲ್ಲಿ ಅಲ್ಲಿನ ಸಂರಕ್ಷಣಾ ಇಲಾಖೆ ಅದನ್ನು ಇಡಿಯಾಗಿ ವಹಿಸಿಕೊಂಡಿತು. ಸ್ಥಳೀಯರು ಒಂದು ಟ್ರಸ್ಟ್ ಮಾಡಿಕೊಂಡು ಹಣ ಕೂಡಿಸಿದರು. ಹಳೇ ಸೇತುವೆಗಳಿಗೆ ಹಲಗೆ ಹಾಸಿ, ಪಕ್ಕಕ್ಕೆ ಕಟಕಟೆ ಕಟ್ಟಿ, ದಾರಿಗೆ ಸಣ್ಣ ಜಲ್ಲಿ ಹಾಕಿದರು. 2000ದಲ್ಲಿ ಸುಮಾರು 150 ಕಿಲೋಮೀಟರ್ ದಾರಿ ಪೂರ್ತಿ ತೆರೆಯಿತು. ಮೋಟಾರು ಗಾಡಿ ಬಿಡೋದಿಲ್ಲ. ಸೈಕಲ್ಲಿನವರು, ನಡೆಯುವವರು, ಕುದುರೆ ಸವಾರರು ಎಲ್ಲರಿಗೂ ಅದೊಂದೇ ದಾರಿ. ಹೊಲದ ಗೇಟು ಸಿಕ್ಕರೆ ಹೇಗಿತ್ತೋ ಹಾಗೇ ಬಿಟ್ಟು ಮುಂದೆ ಹೋಗಬೇಕು. ರೈಲು ಕಡಿದಾದ ಏರು ಹತ್ತಲಾರದು, ನೋಡಿ. ಅದಕ್ಕೇ ಆ ದಾರಿಯ ಏರೆಲ್ಲ ನಿಧಾನದ ಏರು. ವಯಸ್ಸಾದವರೂ ತುಳಿದುಕೊಂಡು ಹೋಗಬಹುದು.

ದಾರಿಯ ಊರುಗಳಲ್ಲಿ ತಂಗುವ ಮನೆಗಳಾದವು, ಕಾಫಿ ಅಂಗಡಿಗಳಾದವು, ಸೈಕಲ್ ಬಾಡಿಗೆ ಕೊಡುವವರು ಬಂದರು. ರೈಲು ಹೋದ ಮೇಲೂ ಆ ಊರುಗಳಿಗೆ ಕಸುಬು ಉಳಿಯಿತು. 2009ರಲ್ಲಿ ಅಲ್ಲಿನ ಸರ್ಕಾರ ಇಡೀ ದೇಶಕ್ಕೇ ಸೈಕಲ್ ದಾರಿಗಳ ಯೋಜನೆ ಹಾಕಿ, 5 ಕೋಟಿ ಡಾಲರ್ ತೆಗೆದಿಟ್ಟಿತು.

ಇದನ್ನು ಕೇಳಿ “ನಮಗ್ಯಾಕಪ್ಪ ಆ ದೇಶದ ಕಥೆ” ಅಂತ ನೀವು ಅನ್ನಬಹುದು. ನಿಜವೇ. ಅವರ ಸೈಕಲ್ ಬಹುಮಟ್ಟಿಗೆ ಪ್ರವಾಸಿಗಳದು. ನಮ್ಮದು ಹಾಲಿನದು, ಹುಲ್ಲಿನ ಹೊರೆಯದು, ಶಾಲೆಯದು. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಸೈಕಲ್ ಬಂತು, ದಾರಿ ಬರಲಿಲ್ಲ. ಪಕ್ಕದೂರಿನ ಹೈಸ್ಕೂಲಿಗೆ ಹೋಗುವ ಮಕ್ಕಳು ಮರಳು ಲಾರಿ ಓಡಾಡುವ ಟಾರು ರಸ್ತೆಯ ಅಂಚಿನಲ್ಲಿ ತುಳಿಯುತ್ತಾರೆ. ಸಂಜೆ ಅವರು ಮನೆ ಸೇರುವ ತನಕ ತಾಯಂದಿರು ಬಾಗಿಲಲ್ಲೇ ನಿಂತಿರುತ್ತಾರೆ.

ಆದರೆ ಅದೇ ಹೈಸ್ಕೂಲಿಗೆ ನಮ್ಮ ಹಳೇ ಬಂಡಿದಾರಿ ಇತ್ತಲ್ಲ? ಗ್ರಾಮ ನಕಾಶೆಯಲ್ಲಿ ಇವತ್ತಿಗೂ ಇದೆ. ನೆಲದ ಮೇಲೆ ಹುಡುಕಿದರೆ ಕೆಲವು ಕಡೆ ಸೈಕಲ್ ಹ್ಯಾಂಡಲ್ ಹಿಡಿಸುವಷ್ಟೂ ಅಗಲವಿಲ್ಲ. ಯಾರು ಒತ್ತಿದರು ಅಂತ ನಾನು ಬೇರೆಯವರ ಕಡೆ ಬೆರಳು ತೋರಿಸೋದಿಲ್ಲ. ನಾನೇ ವರ್ಷಕ್ಕೊಂದು ಸಾಲು ಅಂತ ಬದು ಸರಿಸಿದವನು. ಈ ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ: ಬರುವ ಕೊಯ್ಲು ಮುಗಿದ ಮೇಲೆ ನನ್ನ ಪಾಲಿನ ದಾರಿ ಬಿಟ್ಟುಕೊಡುತ್ತೇನೆ.

ಉಳಿದವರೂ ಯೋಚನೆ ಮಾಡಿ. ತಹಸೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸೋಣ. ತಗ್ಗಿಗೆ ಮಣ್ಣು ಹಾಕಿ, ನೀರು ಹರಿಯುವ ಕಡೆ ಮೋರಿ ಇಡೋಣ. ಎತ್ತಿನ ಗಾಡಿ, ಕುರಿಮಂದೆ, ಸೈಕಲ್ಲು, ನಡೆಯುವವರು ಎಲ್ಲರೂ ಓಡಾಡಲಿ. ಟ್ರ್ಯಾಕ್ಟರ್ ಬೇಡ ಅನ್ನೋದಿಲ್ಲ. ಮಕ್ಕಳು ಹೋಗುವ ಹೊತ್ತಿನಲ್ಲಿ ಕೊಂಚ ತಡೆದು ಬರಲಿ.

ಲೀಟರ್ ಲೀಟರ್ ಹಾಲು ಸೇರಿಸಿ ಈ ಸಂಘ ಕಟ್ಟಿದವರು ನಾವು. ಮೊಳ ಮೊಳ ನೆಲ ಸೇರಿಸಿ ಒಂದು ದಾರಿ ಕಟ್ಟಲಾರೆವೆ?