ನರಕೋಶದ ಚೀಲಗಳು: ಸರ್ಪಗಂಧದಿಂದ ಧನುರ್ವಾಯುವಿನವರೆಗೆ

ಒಂದು ನರಕೋಶದ ಸಂದೇಶವನ್ನು ಇನ್ನೊಂದಕ್ಕೆ ಮುಟ್ಟಿಸುವ ರಾಸಾಯನಿಕಗಳಾದ ನರವಾಹಕಗಳು, ನರತಂತುವಿನ ತುದಿಯಲ್ಲಿ ಸುಮಾರು 40 ನ್ಯಾನೋಮೀಟರ್ ವ್ಯಾಸದ ಚೀಲಗಳಲ್ಲಿ ತುಂಬಿಕೊಂಡು ಕಾದಿರುತ್ತವೆ. ಲಂಡನ್ನಿನಲ್ಲಿ ಬರ್ನಾರ್ಡ್ ಕಾಟ್ಸ್ ಮತ್ತು ಸಂಗಡಿಗರು 1950ರ ದಶಕದಲ್ಲಿ ಕಪ್ಪೆಯ ಸ್ನಾಯುವಿನ ಮೇಲೆ ನಡೆಸಿದ ಪ್ರಯೋಗಗಳು, ಅಸಿಟೈಲ್‌ಕೋಲಿನ್ ಎಂಬ ನರವಾಹಕವು ಧಾರೆಯಾಗಿ ಹರಿಯದೆ ಹೆಚ್ಚುಕಡಿಮೆ ಸಮನಾದ ಪೊಟ್ಟಣಗಳಲ್ಲಿ ಹೊರಬೀಳುತ್ತದೆಂಬುದನ್ನು ತೋರಿಸಿಕೊಟ್ಟವು.

ತಯಾರಾದ ನರವಾಹಕವು ಚೀಲ ಸೇರದಿದ್ದರೆ ಏನಾಗುತ್ತದೆಂಬುದಕ್ಕೆ ಉತ್ತರ ದೊರೆತದ್ದು ಸರ್ಪಗಂಧದ ಬೇರಿನಿಂದ. ಉನ್ಮಾದಕ್ಕೂ ಏರಿದ ರಕ್ತದೊತ್ತಡಕ್ಕೂ ಈ ಬೇರು ಉಪಯುಕ್ತವೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಅದರ ಸಾರವಾದ ರಿಸರ್ಪಿನ್ ಸ್ವಿಟ್ಜರ್ಲೆಂಡಿನಲ್ಲಿ ಬೇರ್ಪಟ್ಟದ್ದು 1952ರಲ್ಲಿ. ಡೋಪಮೈನ್, ಸೆರೊಟೊನಿನ್ ಮೊದಲಾದವನ್ನು ಚೀಲದೊಳಕ್ಕೆ ಸಾಗಿಸುವ ಪ್ರೋಟೀನನ್ನು ರಿಸರ್ಪಿನ್ ತಡೆಯುವುದರಿಂದ, ಹೊರಗುಳಿದ ನರವಾಹಕವನ್ನು ಕೋಶದ ಕಿಣ್ವಗಳು ಒಡೆದುಹಾಕಿ, ಚೀಲಗಳು ಬರಿದಾಗುತ್ತವೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ರಿಸರ್ಪಿನ್ ಕೊಟ್ಟ ಮೊಲಗಳು ಕಿವಿ ಜೋಲುಬಿಟ್ಟು ಕದಲದೆ ಬಿದ್ದಿದ್ದವು. ದೇಹದಲ್ಲಿ ಡೋಪಮೈನ್ ಆಗಿ ಮಾರ್ಪಡುವ ಎಲ್-ಡೋಪಾ ಚುಚ್ಚಿದ ಸ್ವಲ್ಪ ಹೊತ್ತಿಗೆ ಎದ್ದು ಓಡಾಡಿದವು. ಆವರೆಗೆ ಡೋಪಮೈನನ್ನು ಇನ್ನೊಂದು ರಾಸಾಯನಿಕದ ಕಚ್ಚಾ ಸರಕೆಂದಷ್ಟೇ ಬಗೆಯಲಾಗಿತ್ತೆಂಬುದನ್ನು ನೆನೆದರೆ, ಪಾರ್ಕಿನ್ಸನ್ ರೋಗದ ಇಂದಿನ ಚಿಕಿತ್ಸೆಯ ಮೂಲವು ಆ ಮೊಲಗಳಲ್ಲೇ ಇದೆಯೆಂದರೆ ಉತ್ಪ್ರೇಕ್ಷೆಯಾಗದು.

ತುಂಬಿದ ಚೀಲ ಬರಿದಾಗುವ ಬಗೆ ಬೇರೆ. ವಿದ್ಯುತ್ ಸಂಕೇತ ತುದಿಗೆ ತಲುಪಿದಾಗ ಒಳನುಗ್ಗುವ ಕ್ಯಾಲ್ಸಿಯಂ ಅನ್ನು ಸಿನಾಪ್ಟೊಟ್ಯಾಗ್ಮಿನ್ ಎಂಬ ಪ್ರೋಟೀನ್ ಗುರುತಿಸುತ್ತದೆ. ಚೀಲದ ಮತ್ತು ಕೋಶದ ಪೊರೆಗಳಲ್ಲಿರುವ ಸ್ನೇರ್ ಪ್ರೋಟೀನುಗಳು ಪರಸ್ಪರ ಹೆಣೆದುಕೊಂಡು ಪೊರೆಗಳನ್ನು ಬೆಸೆಯುತ್ತವೆ. ಇದಿಷ್ಟೂ ಒಂದು ಮಿಲಿಸೆಕೆಂಡಿನೊಳಗೆ ಮುಗಿಯಬಲ್ಲದು. ಧನುರ್ವಾಯುವಿನ ವಿಷವು ಸ್ನೇರ್ ಗುಂಪಿನ ಸಿನಾಪ್ಟೊಬ್ರೆವಿನ್ ಪ್ರೋಟೀನನ್ನು ಕತ್ತರಿಸುತ್ತದೆ. ಕೆಟ್ಟ ಆಹಾರದಲ್ಲಿ ಹುಟ್ಟುವ ಬಾಟುಲಿನಮ್ ವಿಷದ ಬಿ ಎಂಬ ಬಗೆಯೂ ಅದೇ ಪ್ರೋಟೀನನ್ನು ಅದೇ ಜಾಗದಲ್ಲಿ ಕತ್ತರಿಸುತ್ತದೆ. ಆದರೂ ಬಾಟುಲಿನಮ್ ಸ್ನಾಯುವಿನ ಬಳಿಯ ನರತುದಿಯಲ್ಲೇ ನಿಂತು ಸ್ನಾಯುವನ್ನು ಸಡಿಲಗೊಳಿಸಿದರೆ, ಧನುರ್ವಾಯುವಿನ ವಿಷವು ನರತಂತುವಿನೊಳಗೇ ಹಿಮ್ಮುಖವಾಗಿ ಬೆನ್ನುಹುರಿಗೆ ಸಾಗಿ, ಸ್ನಾಯುಗಳನ್ನು ಹತೋಟಿಯಲ್ಲಿಡುವ ನರಕೋಶಗಳ ಬಾಯಿ ಕಟ್ಟಿ, ದೇಹವನ್ನು ಬಿಲ್ಲಿನಂತೆ ಬಾಗಿಸುತ್ತದೆ. ನರಕೋಶವನ್ನು ಹೊಕ್ಕ ವಿಷವನ್ನು ಯಾವ ಪ್ರತಿವಿಷವೂ ಮುಟ್ಟಲಾರದಾದ್ದರಿಂದ, ಧನುರ್ವಾಯುವಿನ ಲಸಿಕೆಯನ್ನು ಗಾಯವಾಗುವ ಮೊದಲೇ ಹಾಕಿಸಿಕೊಂಡಿರುವುದು ಅಗತ್ಯ.