ಯಾರಿಗಾಗಿ, ಏತಕ್ಕಾಗಿ: ತಾಂತ್ರಿಕ ಬರವಣಿಗೆಯ ಪ್ರಯೋಜನಗಳು



ಇಂದು ಪದವಿಯನ್ನು ಸ್ವೀಕರಿಸುತ್ತಿರುವ ನಿಮ್ಮಲ್ಲಿ ಸೇತುವೆ ಕಟ್ಟುವವರಿದ್ದಾರೆ, ಯಂತ್ರ ನಡೆಸುವವರಿದ್ದಾರೆ, ರೋಗಿಯ ನಾಡಿ ಹಿಡಿಯುವವರಿದ್ದಾರೆ, ಬೆಳೆಗೆ ಬಿದ್ದ ಕೀಟವನ್ನೂ ಮಣ್ಣಿನ ಸಾರವನ್ನೂ ಪರೀಕ್ಷಿಸುವವರಿದ್ದಾರೆ. ವೃತ್ತಿ ಯಾವುದಾದರೂ ಆಗಲಿ, ನಾಳೆಯಿಂದ ನಿಮ್ಮ ದಿನದ ಬಹುಭಾಗವು ಬರೆಯುವುದರಲ್ಲಿಯೇ ಕಳೆಯತಕ್ಕದ್ದು: ವರದಿ, ಅಂದಾಜುಪಟ್ಟಿ, ಕೈಪಿಡಿ, ಸುತ್ತೋಲೆ, ಮೇಲಧಿಕಾರಿಗೆ ಒಂದು ಟಿಪ್ಪಣಿ, ಕೆಲಸಗಾರನಿಗೆ ಒಂದು ಸೂಚನೆ. ಈ ಬರವಣಿಗೆಗೆ ನೀವು ಇಷ್ಟು ವರ್ಷ ಪಡೆದ ಅಭ್ಯಾಸವು ಸಹಾಯಕವಾಗುವುದಕ್ಕಿಂತ ಹೆಚ್ಚಾಗಿ ಅಡ್ಡಿಯಾಗುವುದೆಂದು ನಾನು ನಂಬಿದ್ದೇನೆ. ಏಕೆಂದರೆ ಇದುವರೆಗೆ ನೀವು ಬರೆದುದೆಲ್ಲವೂ ಪರೀಕ್ಷಕನೆಂಬ ಒಬ್ಬನೇ ಓದುಗನಿಗಾಗಿ. ಆತನಿಗೆ ವಿಷಯವು ನಿಮಗಿಂತ ಚೆನ್ನಾಗಿ ಗೊತ್ತು. ನಿಮ್ಮ ಬರಹದಿಂದ ಆತ ಮಾಡಬೇಕಾದ ಕಾರ್ಯವೊಂದೂ ಇರಲಿಲ್ಲ, ಅಂಕವನ್ನು ಹಾಕುವುದೊಂದನ್ನು ಬಿಟ್ಟು. ತಿಳಿದುದೆಲ್ಲವನ್ನೂ ತೋರಿಸುವುದೇ ಅಲ್ಲಿ ಬರಹದ ಪ್ರಯೋಜನ. ಇನ್ನು ಮುಂದೆ ನಿಮ್ಮನ್ನು ಓದುವವನಿಗಾದರೋ ವಿಷಯ ತಿಳಿಯದು, ಸಮಯ ಸಾಲದು, ಓದಿದ ಮರುಕ್ಷಣವೇ ಅವನು ಒಂದು ತಿರುಪನ್ನು ತಿರುಗಿಸಬೇಕು, ಒಂದು ಔಷಧವನ್ನು ಅಳೆಯಬೇಕು, ಅಥವಾ ಹಣ ಮಂಜೂರು ಮಾಡುವ ಕಾಗದಕ್ಕೆ ರುಜು ಹಾಕಬೇಕು.

ನಮ್ಮ ಪೂರ್ವಿಕರು ಈ ಸಂಗತಿಯನ್ನು ಬಹು ಗಂಭೀರವಾಗಿ ಎಣಿಸಿದ್ದರು. ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲಲ್ಲಿಯೇ ನಿರ್ದೇಶಿಸಬೇಕೆಂಬುದು ಅನುಬಂಧಚತುಷ್ಟಯವೆಂಬ ಹೆಸರಿನಿಂದ ಪ್ರಸಿದ್ಧವಾದ ನಿಯಮ. ಯಾವುದನ್ನು ಹೇಳುತ್ತೇನೆ, ಅದರಿಂದ ಆಗುವ ಫಲವೇನು, ಗ್ರಂಥಕ್ಕೂ ವಿಷಯಕ್ಕೂ ಇರುವ ನಂಟೇನು, ಇದನ್ನು ಓದಲು ಅರ್ಹನಾದವನು ಯಾರು ಎಂಬ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳದೆ ಲೇಖನಿಯನ್ನು ಎತ್ತಕೂಡದೆಂಬ ಶಿಸ್ತು ವೇದಾಂತಕ್ಕೆ ಎಷ್ಟು ಯುಕ್ತವೋ, ಪಂಪ್‌ಸೆಟ್ಟಿನ ಕೈಪಿಡಿಗೂ ಅಷ್ಟೇ ಯುಕ್ತ.

ಕನ್ನಡದ ಶಾಸ್ತ್ರಕಾರರಲ್ಲಿ ಈ ವಿವೇಕಕ್ಕೆ ಉಜ್ಜ್ವಲವಾದ ನಿದರ್ಶನಗಳಿವೆ. ಎರಡನೆಯ ನಾಗವರ್ಮನು ಕನ್ನಡ ವ್ಯಾಕರಣವನ್ನು ಎರಡು ಸಲ ಬರೆದನು: ಕಾವ್ಯಾವಲೋಕನದ ಭಾಗವಾದ ಶಬ್ದಸ್ಮೃತಿಯನ್ನು ಕನ್ನಡದಲ್ಲಿ, ಕರ್ಣಾಟಕ ಭಾಷಾಭೂಷಣವನ್ನು ಸಂಸ್ಕೃತ ಸೂತ್ರಗಳಲ್ಲಿ. ವಿಷಯವು ಒಂದೇ, ಆದರೆ ಕಾವ್ಯವನ್ನು ಕಲಿಯಹೊರಟ ಕನ್ನಡಿಗನೊಬ್ಬ ಅಧಿಕಾರಿ, ಸಂಸ್ಕೃತ ವ್ಯಾಕರಣದಲ್ಲಿ ನುರಿತ ಪಂಡಿತನು ಇನ್ನೊಬ್ಬ ಅಧಿಕಾರಿ. ಒಂದೇ ಗ್ರಂಥದಿಂದ ಇಬ್ಬರನ್ನೂ ತೃಪ್ತಿಪಡಿಸಲು ಅವನು ಹೊರಡಲಿಲ್ಲವೆಂಬುದೇ ಅವನ ಹಿರಿಮೆಯೆಂದು ನನಗೆ ತೋರುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಬೇರೊಂದು ಮಾರ್ಗವನ್ನು ಹಿಡಿದನು. ನಿಯಮವನ್ನು ಕಂದಪದ್ಯದ ಸೂತ್ರದಲ್ಲಿ ಅಡಕಗೊಳಿಸಿ, ಅದರ ಕೆಳಗೆ ವೃತ್ತಿಯನ್ನು, ಎಂದರೆ ವಿವರಣೆಯನ್ನು, ಬರೆದು, ಪೂರ್ವಕವಿಗಳಿಂದ ಪ್ರಯೋಗಗಳನ್ನು ಉದಾಹರಿಸಿದನು. ಸೂತ್ರವು ಕಂಠಸ್ಥವಾಗುವುದಕ್ಕಾಗಿ, ವೃತ್ತಿಯು ಅರ್ಥವಾಗುವುದಕ್ಕಾಗಿ, ಪ್ರಯೋಗವು ನಂಬಿಕೆಯಾಗುವುದಕ್ಕಾಗಿ. ಮೂರು ಪ್ರಯೋಜನಗಳು ಒಂದೇ ಓಲೆಯ ಮೇಲೆ ಇದ್ದರೂ ಒಂದರೊಳಗೊಂದು ಬೆರೆಯಲಿಲ್ಲ. ಕೀರ್ತಿವರ್ಮನ ಗೋವೈದ್ಯ, ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು ಬರೆದ ಖಗೇಂದ್ರಮಣಿದರ್ಪಣ ಇಂತಹ ಕೃತಿಗಳು ಪದ್ಯರೂಪದಲ್ಲಿರುವುದನ್ನು ಕಂಡು ಇವರಿಗೆ ಗದ್ಯ ತಿಳಿಯದೇ ಹೋಯಿತೇ ಎಂದು ಕೇಳುವವರುಂಟು. ಹಟ್ಟಿಯಲ್ಲಿ ಹಸು ನರಳುತ್ತಿರುವಾಗ, ಹಾವು ಕಚ್ಚಿದವನು ಜಗಲಿಯ ಮೇಲೆ ಮಲಗಿರುವಾಗ, ಓಲೆಗರಿಯ ಕಟ್ಟನ್ನು ಬಿಚ್ಚಿ ಹುಡುಕಲು ವ್ಯವಧಾನವೆಲ್ಲಿ? ನಾಲಗೆಯ ಮೇಲಿದ್ದುದೇ ಆಗ ಒದಗಿಬರತಕ್ಕದ್ದು.

ಪ್ರಾಚೀನದ ಮಾತು ಇಷ್ಟಿರಲಿ. ನಮ್ಮ ಕಾಲದ ಒಂದು ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ನೀವು ಅನುಮತಿ ಕೊಡಬೇಕು. ವಾಂತಿಭೇದಿಯಿಂದ ಬಳಲಿದ ಮಗುವಿಗೆ ಕೊಡುವ ಓಆರ್‌ಎಸ್ ಪೊಟ್ಟಣವನ್ನು ನೋಡದವರು ಈ ಸಭೆಯಲ್ಲಿ ಇರಲಾರರು. ಅದರ ಹಿಂದಿರುವ ಜ್ಞಾನವು ಒಂದೇ. ಆದರೆ ಆ ಜ್ಞಾನವು ಪ್ರಯೋಗಶಾಲೆಯಿಂದ ತಾಯಿಯ ಕೈಗೆ ಬರುವಷ್ಟರಲ್ಲಿ ಎಷ್ಟು ಬಗೆಯ ಬರಹವಾಗಿ ರೂಪಾಂತರ ಹೊಂದಿತೆಂಬುದನ್ನು ಗಮನಿಸಿದರೆ, ತಾಂತ್ರಿಕ ಬರವಣಿಗೆಯೆಂಬುದು ಒಂದೇ ವಸ್ತುವಲ್ಲವೆಂಬುದು ಸ್ಪಷ್ಟವಾಗುತ್ತದೆ.

1960ರಲ್ಲಿ ರಾಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿಯು ಪ್ರಾಗ್ ನಗರದ ವಿದ್ವತ್ಸಭೆಯಲ್ಲಿ, ಕರುಳಿನ ಗೋಡೆಯು ಸಕ್ಕರೆಯನ್ನೂ ಸೋಡಿಯಂ ಲವಣವನ್ನೂ ಜೊತೆಗೂಡಿಸಿ ಒಳಗೆಳೆದುಕೊಳ್ಳುತ್ತದೆಂಬ ತತ್ತ್ವವನ್ನು ಮಂಡಿಸಿದನು. ಇದು ಕಾರಣವನ್ನು ತಿಳಿಸುವ ಬರಹ; ಇದನ್ನು ಓದಿದವನು ಮಾಡಬೇಕಾದುದು ಏನೂ ಇಲ್ಲ, ಅರಿಯಬೇಕಾದುದು ಮಾತ್ರ ಇದೆ. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಷ್ ಮತ್ತು ಅವರ ಸಹೋದ್ಯೋಗಿಗಳು ರೋಗಿಗಳಿಗೆ ಸಕ್ಕರೆಲವಣದ ದ್ರವವನ್ನು ಕುಡಿಸಿ, ರಕ್ತನಾಳದ ಮೂಲಕ ಕೊಡಬೇಕಾದ ದ್ರವದ ಪ್ರಮಾಣವು ಬಹಳ ಕಡಿಮೆಯಾಗುವುದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಪಡಿಸಿದರು. ಇದರ ಪ್ರಯೋಜನವೇ ಬೇರೆ. ಇದು ಸಂದೇಹಪಡುವ ವೈದ್ಯನನ್ನು ಒಪ್ಪಿಸತಕ್ಕ ಬರಹ. ಯಾವ ರೋಗಿಗೆ ಎಷ್ಟು ಕೊಟ್ಟೆವು, ಹೇಗೆ ಅಳೆದೆವು, ಯಾರೊಡನೆ ಹೋಲಿಸಿದೆವು ಎಂಬ ವಿವರಗಳೇ ಅದರ ಪ್ರಾಣ. ಅವುಗಳಲ್ಲಿ ಒಂದನ್ನು ಬಿಟ್ಟರೂ ಪ್ರಮಾಣವು ಕುಸಿಯುತ್ತದೆ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಲಕ್ಷಗಟ್ಟಲೆಯಾಗಿ ಗಡಿದಾಟಿ ಬಂದು ಪಶ್ಚಿಮ ಬಂಗಾಳದ ಬನ್‌ಗಾಂವ್ ಮೊದಲಾದೆಡೆ ತುಂಬಿಕೊಂಡಾಗ ಕಾಲರಾ ಎರಗಿತು. ರಕ್ತನಾಳಕ್ಕೆ ಕೊಡುವ ದ್ರವವು ಮುಗಿಯುತ್ತ ಬಂದಿತು. ವೈದ್ಯ ದಿಲೀಪ್ ಮಹಾಲನಬೀಸರು ಆಗ ಮಾಡಿದ ನಿರ್ಧಾರ ಪ್ರಸಿದ್ಧವಾದುದು. ಲವಣವನ್ನೂ ಗ್ಲೂಕೋಸನ್ನೂ ಕಲ್ಕತ್ತೆಯಲ್ಲಿ ತೂಗಿ, ಪಾಲಿಥೀನ್ ಚೀಲಗಳಲ್ಲಿ ತುಂಬಿ, ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಬಾಯಿ ಮುಚ್ಚಿ, ಬೆರೆಸುವ ಸೂಚನೆಯ ಚೀಟಿಯನ್ನು ಅಂಟಿಸಿ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ನಲ್ಲಿಯಿಟ್ಟ ಪೀಪಾಯಿಗಳಲ್ಲಿ ಕಲಸಿದ ದ್ರವವನ್ನು ರೋಗಿಗಳ ಬಂಧುಗಳೇ ಹಿಡಿದುಕೊಂಡು ಹೋಗಿ ಕುಡಿಸಿದರು. ಅವರ ಚಿಕಿತ್ಸಾಕೇಂದ್ರದಲ್ಲಿ ಶೇಕಡ 30ರಷ್ಟಿದ್ದ ಮರಣಪ್ರಮಾಣವು ಶೇಕಡ 3.6ಕ್ಕೆ ಇಳಿಯಿತೆಂದು ಅವರು 1973ರಲ್ಲಿ ಪ್ರಕಟಿಸಿದ ಲೇಖನ ಹೇಳುತ್ತದೆ. ಆ ಚೀಲದ ಮೇಲಿನ ಚೀಟಿಯನ್ನು ನೀವು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಅದರ ಮೇಲೆ ಕ್ರೇನನ ತತ್ತ್ವಕ್ಕೆ ಸ್ಥಳವಿಲ್ಲ, ಢಾಕಾದ ಪ್ರಮಾಣಕ್ಕೆ ಸ್ಥಳವಿಲ್ಲ. ಎಷ್ಟು ನೀರಿಗೆ ಒಂದು ಚೀಲ ಎಂಬುದಿಷ್ಟೇ ಅಲ್ಲಿ ಬೇಕಾದುದು. ಸತ್ಯವಾದರೂ ಅನಾವಶ್ಯಕವಾದ ಒಂದೊಂದು ಪದವೂ ಅಲ್ಲಿ ಕಾಲಹರಣ ಮಾಡುತ್ತದೆ, ಆ ಶಿಬಿರದಲ್ಲಿ ಕಾಲಹರಣವೆಂದರೆ ಪ್ರಾಣಹರಣ.

ತರುವಾಯ ವಿಶ್ವ ಆರೋಗ್ಯ ಸಂಸ್ಥೆಯು ಈ ಪುಡಿಯ ಘಟಕಗಳನ್ನು ನಿಗದಿಪಡಿಸಿತು. 2002ರಲ್ಲಿ ಪರಿಷ್ಕೃತವಾದ ಸೂತ್ರದಂತೆ ಒಂದು ಲೀಟರ್ ನೀರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಒಟ್ಟು 20.5 ಗ್ರಾಂ. ಇದು ಔಷಧ ತಯಾರಿಸುವವನಿಗೂ ಅದನ್ನು ಪರೀಕ್ಷಿಸುವ ಅಧಿಕಾರಿಗೂ ಬರೆದುದು. ಇಲ್ಲಿ ‘ಸುಮಾರು’ ಎಂಬ ಪದವು ಅಪರಾಧ. ಇದೇ ವಿಷಯವನ್ನು ಬಾಂಗ್ಲಾದೇಶದಲ್ಲಿ ಬ್ರಾಕ್ ಸಂಸ್ಥೆಯು 1980ರಿಂದ ಹಳ್ಳಿಹಳ್ಳಿಗೆ, ಮನೆಮನೆಗೆ ಒಯ್ದಾಗಲಾದರೋ ಗ್ರಾಂ ಎಂಬ ಮಾತೇ ಅಲ್ಲಿರಲಿಲ್ಲ: ಮೂರು ಬೆರಳಿನಿಂದ ಎತ್ತಿದ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಕ್ಕಡಿಯಿಲ್ಲದ, ಅಕ್ಷರ ಬಾರದ, ಆದರೆ ಕೈಯೂ ಕಣ್ಣೂ ನೆನಪೂ ಇರುವ ಗೃಹಿಣಿಯೇ ಇದರ ಅಧಿಕಾರಿ. ಕಲಿಸಲು ಹೋದ ಕಾರ್ಯಕರ್ತೆಯರಿಗೆ ಸಲ್ಲುತ್ತಿದ್ದ ವೇತನವು, ತಾಯಂದಿರು ಅದನ್ನು ಎಷ್ಟರಮಟ್ಟಿಗೆ ನೆನಪಿಟ್ಟುಕೊಂಡಿದ್ದಾರೆಂಬುದನ್ನು ಮೇಲ್ವಿಚಾರಕರು ಪರೀಕ್ಷಿಸಿದ ಮೇಲೆ ನಿರ್ಧಾರವಾಗುತ್ತಿತ್ತು. ಹೇಳಿದವನ ಪಾಂಡಿತ್ಯವನ್ನು ಬಿಟ್ಟು ಕೇಳಿದವಳ ಕಾರ್ಯವನ್ನು ಅಳೆದ ಈ ಕ್ರಮದಷ್ಟು ನ್ಯಾಯವಾದ ಪರೀಕ್ಷೆಯನ್ನು ನಮ್ಮ ವಿಶ್ವವಿದ್ಯಾನಿಲಯಗಳು ಕೂಡ ಕಂಡುಹಿಡಿದಿಲ್ಲವೆಂದೇ ನನ್ನ ಅಭಿಪ್ರಾಯ.

ಗ್ರಾಂ ಲೆಕ್ಕದ ಸೂತ್ರವು ಹೆಚ್ಚು ಶಾಸ್ತ್ರೀಯವೋ, ಚಿಟಿಕೆ ಹಿಡಿಯ ಲೆಕ್ಕವು ಹೆಚ್ಚು ಶಾಸ್ತ್ರೀಯವೋ ಎಂದು ಕೇಳುವುದು ಸರಿಯಲ್ಲ. ತಯಾರಕನು ಚಿಟಿಕೆಯಿಂದ ಅಳೆದರೆ ಅನಾಹುತ. ತಾಯಿಯನ್ನು ಗ್ರಾಂ ಅಳೆಯೆಂದರೆ ಅವಳು ಏನನ್ನೂ ಮಾಡದೆ ಕೂರುತ್ತಾಳೆ, ಅದೂ ಅನಾಹುತವೇ. ನಮ್ಮ ಅಂಗಡಿಗಳಲ್ಲಿ ಒಂದು ಲೀಟರಿಗೆ ಬೆರೆಸುವ ಪೊಟ್ಟಣವೂ ಒಂದು ಲೋಟಕ್ಕೆ, ಎಂದರೆ 200 ಮಿಲಿಲೀಟರಿಗೆ, ಬೆರೆಸುವ ಪೊಟ್ಟಣವೂ ಒಟ್ಟೊಟ್ಟಿಗೆ ಸಿಗುತ್ತವೆ. ದೊಡ್ಡದನ್ನು ಲೋಟದಲ್ಲಿ ಕಲಸಿದರೆ ಉಪ್ಪು ಮಿತಿಮೀರಿ ಮಗುವಿಗೆ ಅಪಾಯ, ಚಿಕ್ಕದನ್ನು ಲೀಟರಿನಲ್ಲಿ ಕಲಸಿದರೆ ಚಿಕಿತ್ಸೆ ನಿಷ್ಫಲ. ಹೀಗಿರಲು ಆ ಪೊಟ್ಟಣದ ಮೇಲೆ ನೀರಿನ ಅಳತೆಯು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ, ನಮ್ಮ ಭಾಷೆಯಲ್ಲಿ, ಸಾಧ್ಯವಾದರೆ ಚಿತ್ರಸಮೇತವಾಗಿ ಇರಬೇಕಾದುದು ಧರ್ಮ.

ಇನ್ನೊಂದು ಬಗೆಯ ಬರಹವುಂಟು. ನಿಮ್ಮಲ್ಲಿ ಇಂಜಿನಿಯರುಗಳಾದವರು ಅದನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಅದು ನಿರ್ಣಯವನ್ನು ಕೈಗೊಳ್ಳುವವನಿಗೆ ಬರೆಯತಕ್ಕದ್ದು. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ತ್ರೀ ಮೈಲ್ ಐಲೆಂಡ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಒತ್ತಡವನ್ನು ಇಳಿಸುವ ಕವಾಟವೊಂದು ಮುಚ್ಚಿಕೊಳ್ಳದೆ ನಿಂತಿತು. ಒಳಗಿನ ನೀರಿನ ಮಟ್ಟವು ಹೆಚ್ಚಾಗಿದೆಯೆಂದು ಭ್ರಮಿಸಿ ನಿರ್ವಾಹಕರು ತುರ್ತು ನೀರಿನ ಹರಿವನ್ನು ತಗ್ಗಿಸಿದರು. ಇಂಧನದ ತಿರುಳಿನ ಸುಮಾರು ಅರ್ಧಭಾಗವು ಕರಗಿಹೋಯಿತು. ಇದೇ ಮಾದರಿಯ ಪ್ರಸಂಗವು 1977ರಲ್ಲಿಯೇ ಓಹಾಯೋ ಪ್ರಾಂತದ ಇನ್ನೊಂದು ಸ್ಥಾವರದಲ್ಲಿ ನಡೆದು, ಅನಾಹುತವಿಲ್ಲದೆ ಮುಗಿದಿತ್ತು. ಅದನ್ನು ಕಂಡು ಎಚ್ಚೆತ್ತ ಇಂಜಿನಿಯರುಗಳು, ಈ ಎರಡೂ ಸ್ಥಾವರಗಳ ರಿಯಾಕ್ಟರುಗಳನ್ನು ರಚಿಸಿಕೊಟ್ಟ ಸಂಸ್ಥೆಯೊಳಗೆ 1977ರ ನವೆಂಬರಿನಲ್ಲಿಯೂ 1978ರ ಫೆಬ್ರವರಿಯಲ್ಲಿಯೂ ಟಿಪ್ಪಣಿಗಳನ್ನು ಬರೆದರು. ಆಗಸ್ಟಿನಲ್ಲಿ ಮತ್ತೊಂದು ಟಿಪ್ಪಣಿ ಹೊರಟಿತು. ಅಪಾಯವೇನೆಂಬುದು ಅವರಿಗೆ ತಿಳಿದಿತ್ತು, ಪರಿಹಾರವೂ ತಿಳಿದಿತ್ತು. ಆದರೂ ನಿರ್ವಾಹಕರಿಗೆ ಹೊಸ ಸೂಚನೆ ಅಪಘಾತದ ದಿನದವರೆಗೆ ತಲಪಲಿಲ್ಲ.

ಆ ಟಿಪ್ಪಣಿಗಳ ಇತಿಹಾಸವನ್ನು ಓದುವಾಗ ನನಗೆ ಬಹಳ ವ್ಯಸನವಾಗುತ್ತದೆ. ಮೊದಲನೆಯದು ಅಭಿಪ್ರಾಯವನ್ನು ಕೇಳಿತು. ಇಂತಹವನು ಇಂತಹ ದಿನದೊಳಗೆ ಇದನ್ನು ಮಾಡಲೇಬೇಕೆಂದು ಹೇಳಲಿಲ್ಲ. ಕಡೆಯದು ಇಲಾಖೆಗಳ ನಡುವಿನ ತಾಂತ್ರಿಕ ಸಂದೇಹವೊಂದನ್ನು ಬಗೆಹರಿಸಿಕೊಡಿರೆಂಬ ವಿಚಾರಣೆಯಂತೆ ಕಾಣುತ್ತಿತ್ತು. ಅದನ್ನು ಕೈಗೆತ್ತಿಕೊಂಡ ಕಾರ್ಯಮಗ್ನನಾದ ಅಧಿಕಾರಿಗೆ ತಾನು ಒಂದು ಸ್ಥಾವರದ ಕ್ಷೇಮವನ್ನು ಹಿಡಿದಿದ್ದೇನೆಂದು ಹೊಳೆಯುವಂತಿರಲಿಲ್ಲ. ಸಂಶೋಧನ ಪ್ರಬಂಧದಲ್ಲಿ ಸಂಶಯವನ್ನು ವಿನಯದಿಂದ ನಿವೇದಿಸುವುದು ಗುಣ. ತೀರ್ಪನ್ನು ಬೇಡುವ ಟಿಪ್ಪಣಿಯಲ್ಲಿ ಅದೇ ವಿನಯವು ದೋಷ. ಅಲ್ಲಿ ಮೊದಲ ವಾಕ್ಯದಲ್ಲಿಯೇ ಅಪಾಯ, ಎರಡನೆಯದರಲ್ಲಿ ಮಾಡಬೇಕಾದ ಕಾರ್ಯ, ಆಮೇಲೆ ಅದಕ್ಕೆ ಆಧಾರ. ಗಣಿತವೆಲ್ಲ ಅನುಬಂಧಕ್ಕೆ ಹೋಗಲಿ. ನೀವು ಲೆಕ್ಕವನ್ನು ಯಾವ ಕ್ರಮದಲ್ಲಿ ಮಾಡಿದಿರೋ ಅದೇ ಕ್ರಮದಲ್ಲಿ ಓದುಗನನ್ನು ನಡೆಸಬೇಕೆಂಬ ಆಸೆ ಸಹಜವಾದುದು. ಕಷ್ಟಪಟ್ಟು ಸಾಧಿಸಿದವನಿಗೆ ತನ್ನ ಕಷ್ಟ ಪ್ರಿಯ. ಆ ಆಸೆಯನ್ನು ಬಿಡದವನು ಎಷ್ಟು ದೊಡ್ಡ ಇಂಜಿನಿಯರಾದರೂ ತನ್ನ ಸಂಸ್ಥೆಯನ್ನು ಆಪತ್ತಿನಿಂದ ಪಾರುಮಾಡಲಾರನು.

ಒಂದೇ ಕಾಗದವು ಇಬ್ಬರು ಯಜಮಾನರ ಸೇವೆಯನ್ನು ಮಾಡಹೊರಟಾಗ ಆಗುವ ಹಾನಿಯನ್ನು ನಮ್ಮ ಹೊಲಗಳಲ್ಲಿಯೇ ಕಾಣಬಹುದು. 1968ರ ಕೀಟನಾಶಕ ಅಧಿನಿಯಮ ಮತ್ತು 1971ರ ನಿಯಮಗಳ ಪ್ರಕಾರ ಕೀಟನಾಶಕದ ಡಬ್ಬದ ಮೇಲೆ ವಿಷದ ತೀವ್ರತೆಯನ್ನು ತಿಳಿಸುವ ವಜ್ರಾಕಾರದ ಗುರುತು ಇರಬೇಕು, ಕೆಂಪು, ಹಳದಿ, ನೀಲಿ, ಹಸಿರು ಎಂಬ ಬಣ್ಣಗಳಲ್ಲಿ. ಒಳಗೆ ಪ್ರಾದೇಶಿಕ ಭಾಷೆಗಳನ್ನೂ ಒಳಗೊಂಡ ವಿವರಪತ್ರವಿರಬೇಕು. ಗುರುತು ಅತ್ಯಂತ ವಿವೇಕದ ಕಲ್ಪನೆ. ಅಕ್ಷರ ಬಾರದವನಿಗೂ ಅದು ಮಾತನಾಡುತ್ತದೆ, ಅದರ ಅರ್ಥವನ್ನು ಅವನಿಗೆ ಒಮ್ಮೆ ಯಾರಾದರೂ ಹೇಳಿಕೊಟ್ಟಿದ್ದರೆ. ವಿವರಪತ್ರವಾದರೋ ಬಹುಮಟ್ಟಿಗೆ ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ, ಹಲವು ಮಡಿಕೆಗಳಲ್ಲಿ, ಕಾನೂನಿನ ಹೊಣೆಯನ್ನು ತೀರಿಸುವ ಉದ್ದೇಶದಿಂದ ಸಿದ್ಧವಾದುದು. ಬೆನ್ನಿಗೆ ಸಿಂಪಡಿಸುವ ಯಂತ್ರವನ್ನು ಕಟ್ಟಿಕೊಂಡು ನಿಂತ ರೈತನಿಗೆ ಬೇಕಾದುದು ಒಂದು ಕ್ಯಾನು ನೀರಿಗೆ ಎಷ್ಟು ಮುಚ್ಚಳ, ಮೈಮೇಲೆ ಬಿದ್ದರೆ ಏನು ಮಾಡಬೇಕು, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂಬುದು. ಅದು ಪತ್ರದಲ್ಲಿ ಎಲ್ಲೋ ಇದೆಯೆಂಬ ಸಮಾಧಾನವು ನ್ಯಾಯಾಲಯದಲ್ಲಿ ಸಲ್ಲಬಹುದು, ಹೊಲದಲ್ಲಿ ಸಲ್ಲದು. ಕಾನೂನಿಗೆ ಬೇಕಾದ ಪತ್ರ ಇರಲಿ; ರೈತನಿಗೆಂದು ಬೇರೊಂದು ಹಾಳೆಯನ್ನು ಬರೆಯುವ ಕೃಷಿಪದವೀಧರರು ಈ ಸಭೆಯಿಂದ ಹೊರಡಲೆಂಬುದು ನನ್ನ ಹಂಬಲ.

ಕನ್ನಡದಲ್ಲಿ ವಿಜ್ಞಾನವನ್ನು ಬರೆದವರಿಲ್ಲವೆಂದು ನಾನು ಹೇಳುವುದಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಷ್ಟು ಹಿಂದೆಯೇ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು, ಶಿವರಾಮ ಕಾರಂತರು ಮಕ್ಕಳಿಗಾಗಿ ಬಾಲಪ್ರಪಂಚವನ್ನೂ ದೊಡ್ಡವರಿಗಾಗಿ ವಿಜ್ಞಾನ ಪ್ರಪಂಚವನ್ನೂ ರಚಿಸಿ, ಓದುಗರು ಬೇರೆಯಾದರೆ ಗ್ರಂಥವೂ ಬೇರೆಯಾಗಬೇಕೆಂಬುದನ್ನು ಸ್ವತಃ ಮಾಡಿ ತೋರಿಸಿದರು. ಆದರೆ ಇವೆಲ್ಲವೂ ತಿಳಿವಳಿಕೆಯನ್ನು ಕೊಡುವ ಬರಹಗಳು. ಕೈ ಕೆಲಸ ಮಾಡುತ್ತಿರುವಾಗ ಕಣ್ಣು ನೋಡಿಕೊಳ್ಳತಕ್ಕ ಕನ್ನಡ, ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ, ಬಾಯ್ಲರಿನ ಮುಂದೆ, ಹೆರಿಗೆ ಕೋಣೆಯ ಗೋಡೆಯ ಮೇಲೆ ಇರಬೇಕಾದ ಕನ್ನಡ, ಇನ್ನೂ ಬಹಳ ವಿರಳ. ಅದಕ್ಕೆ ಪಾರಿಭಾಷಿಕ ಶಬ್ದಗಳ ಕೊರತೆ ಕಾರಣವೆಂಬುದನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಕೆಲಸಗಾರನು ವಾಲ್ವ್ ಎಂದೇ ಕರೆಯುವಾಗ ನೀವೂ ವಾಲ್ವ್ ಎಂದೇ ಬರೆಯಿರಿ. ಆದರೆ ಅದನ್ನು ಯಾವ ಕಡೆಗೆ, ಎಷ್ಟು ಸುತ್ತು, ಯಾವ ಕ್ಷಣದಲ್ಲಿ ತಿರುಗಿಸಬೇಕೆಂಬುದನ್ನು ಕ್ರಮ ತಪ್ಪದೆ ಬರೆಯಿರಿ.

ನಿಮ್ಮಲ್ಲೊಬ್ಬರಿಗೆ ಮೊದಲ ಕೈಪಿಡಿಯನ್ನು ಬರೆಯುವ ಕೆಲಸ ಒದಗಿದಾಗ, ಅದನ್ನು ಮೇಲಧಿಕಾರಿಗೆ ಒಪ್ಪಿಸುವ ಮುನ್ನ, ಆ ಯಂತ್ರವನ್ನು ನಿತ್ಯವೂ ನಡೆಸತಕ್ಕವನ ಕೈಗೆ ಅದನ್ನು ಕೊಟ್ಟು, ನೀವು ಒಂದು ಮಾತನ್ನೂ ಆಡದೆ ಪಕ್ಕದಲ್ಲಿ ನಿಂತು, ಅವನು ಓದುತ್ತ ಕೆಲಸ ಮಾಡುವುದನ್ನು ನೋಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಅವನು ಎಲ್ಲಿ ತಡೆಯುತ್ತಾನೋ, ಎಲ್ಲಿ ಹಿಂದಿನ ಪುಟಕ್ಕೆ ತಿರುಗುತ್ತಾನೋ, ಎಲ್ಲಿ ಓದುವುದನ್ನು ಬಿಟ್ಟು ತನ್ನ ರೂಢಿಯಂತೆ ಕೈಹಾಕುತ್ತಾನೋ, ಅಲ್ಲೆಲ್ಲ ಒಂದು ಗೀಟು ಎಳೆದುಕೊಂಡು ಬಂದು, ಆ ರಾತ್ರಿಯೇ ಕುಳಿತು ತಿದ್ದಿರಿ.