ಹರಿವು ಕಟ್ಟುವ ಈರುಳ್ಳಿ

(ಬಾನುಲಿ ಭಾಷಣ)

ಕಲಕಿದರೆ ಕೆಡುತ್ತದೆ ಎಂಬುದು ನಮ್ಮ ಸಾಮಾನ್ಯ ನಂಬಿಕೆ. ಆದರೆ ಮೊಸರನ್ನು ಕಡೆದು ಬೆಣ್ಣೆ ತೆಗೆಯುವ ನಮ್ಮ ಗೃಹಿಣಿಯರು ಇದನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಭೌತವಿಜ್ಞಾನವೂ ಅವರ ಪಕ್ಷವನ್ನೇ ವಹಿಸಿರುವ ಒಂದು ಪ್ರಸಂಗವುಂಟು. ಕನ್ನಡ ಪಾಠ ಹೇಳಿ ನಿವೃತ್ತನಾದವನು ಅದನ್ನು ಹೇಳಹೊರಟಿರುವುದು ಸಾಹಸವೇ ಸರಿ, ಶ್ರೋತೃಗಳು ಮನ್ನಿಸಬೇಕು.

ಸಾಬೂನಿನ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಬೇಕು, ಬಾಲಕ್ಕೆ ಬೇಡ. ಆದ್ದರಿಂದ ಇಂಥ ಅಣುಗಳು ನೀರಿನಲ್ಲಿ ಸಾಕಷ್ಟು ಕೂಡಿದಾಗ ಬಾಲಗಳನ್ನು ಒಳಗೆ ಮರೆಸಿ, ತಲೆಗಳನ್ನು ಹೊರಗೊಡ್ಡಿ, ಜೋಡಿ ಸಾಲುಗಳಾಗಿ ನಿಂತು ಪೊರೆಗಳಾಗುತ್ತವೆ. ಒಂದು ಪೊರೆ, ಸ್ವಲ್ಪ ನೀರು, ಮತ್ತೊಂದು ಪೊರೆ. ಹೀಗೆ ಪುಸ್ತಕದ ಹಾಳೆಗಳಂತೆ ಪದರ ಪದರ. ಪೊರೆಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವೇ ಭಾಗ. ಅದು ಬಿಗಿದ ಹಲಗೆಯಲ್ಲ. ಉಷ್ಣದ ಚಲನೆಯಿಂದ, ಗಾಳಿಗೆ ಒಣಹಾಕಿದ ಸೀರೆಯಂತೆ ಸದಾ ಅಲೆಯಾಡುತ್ತಿರುತ್ತದೆ. ಈ ಅಲೆದಾಟವೇ ಪೊರೆಗಳನ್ನು ಒಂದರಿಂದೊಂದು ದೂರವಿರಿಸಬಲ್ಲುದೆಂದು 1978ರಲ್ಲಿ ಜರ್ಮನಿಯ ಹೆಲ್ಫ್ರಿಶ್ ತೋರಿಸಿದರು.

ಫ್ರಾನ್ಸಿನ ಬೋರ್ದೊ ಬಳಿ ದಿಯಾ, ರೂ, ನಾಲೆ ಎಂಬ ಮೂವರು ಇಂಥ ದ್ರವವನ್ನು ಒಂದರೊಳಗೊಂದಿರುವ ಎರಡು ಉರುಳೆಗಳ ನಡುವಣ ಕಿರಿದಾದ ಎಡೆಯಲ್ಲಿ ತುಂಬಿ, ಒಂದನ್ನು ತಿರುಗಿಸಿ ನೋಡಿದರು. ಫಲವನ್ನು 1993ರಲ್ಲಿ ಪ್ರಕಟಿಸಿದರು. ಮೆಲ್ಲನೆ ತಿರುಗಿಸಿದಾಗ ಪದರಗಳು ಅಲ್ಲಲ್ಲಿ ದೋಷಗಳೊಡನೆ ಹರಿವಿಗೆ ಹೊಂದಿಕೊಂಡು ಮಲಗಿದ್ದವು. ವೇಗ ಹೆಚ್ಚಿದಾಗ ಹಾಳೆಗಳೆಲ್ಲ ಸಿಪ್ಪೆಯೊಳಗೆ ಸಿಪ್ಪೆಯಿರುವ ಈರುಳ್ಳಿಗಳಾಗಿಬಿಟ್ಟವು! ಎಡೆಯ ತುಂಬ ಒತ್ತೊತ್ತಾಗಿ ಈರುಳ್ಳಿಗಳೇ. ವೇಗ ನಾಲ್ಕು ಪಟ್ಟಾದರೆ ಅವುಗಳ ಗಾತ್ರ ಅರ್ಧಕ್ಕಿಳಿಯುತ್ತದೆ. ವೇಗ ಇನ್ನೂ ಹೆಚ್ಚಿದರೆ ಮತ್ತೆ ಹಾಳೆಗಳೇ, ಈ ಸಲ ಮೊದಲಿಗಿಂತ ಅಚ್ಚುಕಟ್ಟಾಗಿ.

ಏಕೆ ಹೀಗೆ? ಹರಿವು ಪೊರೆಯ ಕಿರಿಯಲೆಗಳನ್ನು ಅದುಮುತ್ತದೆ. ಆ ಅಲೆಗಳಲ್ಲಿ ಅಡಗಿದ್ದ ಹೆಚ್ಚಿನ ಹರಹಿಗೆ ಎಡೆ ಸಾಲದೆ ಹಾಳೆ ದೊಡ್ಡದಾಗಿ ಬಾಗುತ್ತದೆ ಎಂಬ ವಿವರಣೆಯನ್ನು 1999ರಲ್ಲಿ ಝಿಲ್ಮನ್ ಮತ್ತು ಗ್ರಾನೆಕ್ ಮಂಡಿಸಿದರು. ಬಾಗಿದ್ದು ಗುಂಡಾಗುವ ಬಗೆಯಂತೂ ಅಷ್ಟು ಸುಲಭವಾಗಿ ಬಗೆಹರಿಯುವ ಪ್ರಶ್ನೆಯಲ್ಲ.

ನನ್ನನ್ನು ಹೆಚ್ಚಾಗಿ ಕಾಡಿದ್ದು ಇನ್ನೊಂದು ಸಂಗತಿ. ಉರುಳೆ ನಿಂತೊಡನೆ ಈರುಳ್ಳಿಗಳು ಕರಗಿಹೋಗುವುದಿಲ್ಲ, ಬಹುಕಾಲ ಉಳಿಯುತ್ತವೆ. ಅದೇ ದ್ರವ್ಯಗಳು, ಅದೇ ಪ್ರಮಾಣ, ಅದೇ ಉಷ್ಣತೆ. ಆದರೂ ಕಲಕದ ಸೀಸೆಯದು ಸಲೀಸಾಗಿ ಹರಿದರೆ, ಕಲಕಿದ ಸೀಸೆಯದು ಮಂದವಾಗಿ ನಿಲ್ಲುತ್ತದೆ. ವಸ್ತುವಿನಲ್ಲಿ ಏನೇನಿದೆ ಎಂದು ಪಟ್ಟಿಮಾಡಿದರೆ ಅದನ್ನು ತಿಳಿದಂತೆ ಎಂದು ನಂಬಿದ್ದ ನನಗೆ, ಅದರ ಮೇಲೆ ನಡೆದುಹೋದದ್ದನ್ನೂ ಕೇಳಬೇಕಾಯಿತು.

'ಪೊರೆ' ಎಂಬುದಕ್ಕೆ ಕನ್ನಡದಲ್ಲಿ ಕಾಪಾಡು ಎಂಬ ಅರ್ಥವೂ ಉಂಟಷ್ಟೆ. ಈರುಳ್ಳಿಗಳ ಸಿಪ್ಪೆಗಳ ನಡುವೆ ಔಷಧವನ್ನು ಇರಿಸುವ ಪ್ರಯತ್ನಗಳು ನಡೆದಿವೆ. ಆಮೇಲೆ ನೀರು ಬೆರೆಸಿದರೆ ಅವು ತಮ್ಮ ಸರಕನ್ನು ಹೊತ್ತು ಬಿಡಿಬಿಡಿಯಾಗಿ ತೇಲುತ್ತವೆ.